ನೀಲಾಂಜನೆಯನ್ನು ಕಂಡವರಾರು? ಸಂಗೀತ ನಾಟಕ ಮತ್ತು ಸಭೆಯ ಋಣ

ಪಂಪ ಮಹಾಕವಿಯು ಕ್ರಿ.ಶ. 941ರಲ್ಲಿ ರಚಿಸಿದ ಆದಿಪುರಾಣದ ನೀಲಾಂಜನೆಯ ಪ್ರಸಂಗವು ಜೈನ ಮನೆತನಗಳಲ್ಲಿ ಮಕ್ಕಳಿಗೂ ತಿಳಿದ ಕಥೆಯಾಗಿದೆ. ಭೋಗದಲ್ಲಿ ಮಗ್ನನಾಗಿದ್ದ ವೃಷಭದೇವನಿಗೆ ವೈರಾಗ್ಯದ ಕಾಲ ಒದಗಿತೆಂದು ಅರಿತ ಇಂದ್ರನು, ಆಯುಷ್ಯ ಮುಗಿಯುತ್ತ ಬಂದಿದ್ದ ದೇವನರ್ತಕಿಯೊಬ್ಬಳನ್ನು ಆಸ್ಥಾನದಲ್ಲಿ ಕುಣಿಯಲು ನಿಯೋಜಿಸುತ್ತಾನೆ. ನೃತ್ಯದ ನಡುವೆಯೇ ಅವಳ ಆಯುಷ್ಯ ತೀರಿ ದೇಹವು ಮಿಂಚಿನಂತೆ ಮರೆಯಾಗುತ್ತದೆ. ರಸಭಂಗವಾಗಬಾರದೆಂದು ಇಂದ್ರನು ಅದೇ ಕ್ಷಣದಲ್ಲಿ ಅದೇ ರೂಪದ ಮತ್ತೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ತಾಳ ತಪ್ಪಲಿಲ್ಲ, ಲಯ ಕೆಡಲಿಲ್ಲ. ಸಭೆಗೆ ಏನೂ ತಿಳಿಯಲಿಲ್ಲ. ತಿಳಿದದ್ದು ಆದಿದೇವನೊಬ್ಬನಿಗೆ ಮಾತ್ರ.

ಈ ಪ್ರಸಂಗವನ್ನು ಸಂಸಾರದ ಅನಿತ್ಯತೆಗೆ ದೃಷ್ಟಾಂತವಾಗಿ ವ್ಯಾಖ್ಯಾನಿಸುವುದು ರೂಢಿ. ಅದು ಯುಕ್ತವೂ ಹೌದು. ಆದರೆ ರಂಗಕಲೆಯ ಕಡೆಯಿಂದ ಓದಿದಾಗ ಇದರೊಳಗೆ ಮತ್ತೊಂದು ಪ್ರಶ್ನೆ ಏಳುತ್ತದೆ. ಒಬ್ಬಳು ಕಣ್ಣೆದುರೇ ಇಲ್ಲವಾದಾಗ ಇಡೀ ಸಭೆಗೆ ಅದು ಕಾಣದೆ ಹೋದುದೇಕೆ? ಸಭೆಯವರು ನೃತ್ಯವನ್ನು ನೋಡುತ್ತಿದ್ದರು, ನರ್ತಕಿಯನ್ನು ಯಾರೂ ನೋಡುತ್ತಿರಲಿಲ್ಲ. ಆನಂದವು ತಡೆಯಿಲ್ಲದೆ ಒದಗುತ್ತಿರುವವರೆಗೆ ಅದನ್ನು ಒದಗಿಸುತ್ತಿರುವವರು ಯಾರೆಂದು ಕೇಳುವ ಅಗತ್ಯ ಅವರಿಗೆ ತೋರಲಿಲ್ಲ. ಆದಿದೇವನ ವೈರಾಗ್ಯಕ್ಕೆ ಮೊದಲ ಮೆಟ್ಟಿಲಾದುದು ಈ ಗಮನವೇ.

ಪಂಚಕಲ್ಯಾಣ ಮಹೋತ್ಸವಗಳಲ್ಲಿ ದೀಕ್ಷಾ ಕಲ್ಯಾಣಕ್ಕೆ ಮುನ್ನ ನೀಲಾಂಜನೆಯ ನೃತ್ಯವನ್ನು ವೇದಿಕೆಯ ಮೇಲೆ ಆಡಿಸುವ ಪದ್ಧತಿ ಅನೇಕ ಕಡೆ ಉಂಟು. ಆ ಪಾತ್ರವನ್ನು ಮಾಡಿದ ಹುಡುಗಿಯ ಹೆಸರನ್ನು ಮರುದಿನ ನೆನಪಿಟ್ಟುಕೊಳ್ಳುವವರು ಎಷ್ಟು ಮಂದಿ ಎಂಬುದು ವಿಚಾರಾರ್ಹ. ಹಾಡು, ಕುಣಿತ, ಕಥೆ ಮೂರನ್ನೂ ಬೆಸೆದ ರಂಗಭೂಮಿ ಎಲ್ಲೆಲ್ಲಿ ಬೆಳೆದಿದೆಯೋ ಅಲ್ಲೆಲ್ಲ ಈ ಪ್ರಶ್ನೆ ಎದ್ದಿದೆ. ಕನ್ನಡದ ಕಂಪನಿ ನಾಟಕಕ್ಕೂ ಅಮೆರಿಕದ ಸಂಗೀತ ನಾಟಕಕ್ಕೂ ಇದು ಸಮಾನವಾದುದು.

ಕನ್ನಡ ನಾಡಿನಲ್ಲಿ ವೃತ್ತಿರಂಗಭೂಮಿಯೆಂದರೆ ಮೊದಲಿನಿಂದಲೂ ಸಂಗೀತ ರಂಗಭೂಮಿಯೇ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು ಗುಬ್ಬಿ ವೀರಣ್ಣನವರ (1891–1972) ಕೈಯಲ್ಲಿ ದಕ್ಷಿಣ ಭಾರತದಾದ್ಯಂತ ಹೆಸರು ಮಾಡಿತು. ‘ಕುರುಕ್ಷೇತ್ರ’ ನಾಟಕಕ್ಕಾಗಿ ಅವರು ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಆದರೆ ಜನ ಮನೆಗೆ ಕೊಂಡೊಯ್ದುದು ಹಾಡುಗಳನ್ನು. ಮೈಸೂರು ಸೀಮೆಯಲ್ಲಿ ಎ. ವಿ. ವರದಾಚಾರ್ಯರ ಕಂಠಕ್ಕಾಗಿಯೇ ಜನ ಸೇರುತ್ತಿದ್ದರು. ಹಿಂದುಸ್ತಾನಿ ಸಂಗೀತದ ಮೇರುವೆನಿಸಿದ ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ರಂಗವೇರಿದ್ದು ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ನಾಟಕ ಮಂಡಳಿಯಲ್ಲಿ. ಸ್ತ್ರೀಪಾತ್ರಗಳಿಂದ ಆರಂಭಿಸಿ, ಕಲಾವೈಭವ ನಾಟ್ಯಸಂಘವನ್ನು ಕಟ್ಟಿ, ಬಸವೇಶ್ವರನ ಪಾತ್ರದಿಂದ ಮನೆಮಾತಾದ ಏಣಗಿ ಬಾಳಪ್ಪನವರು 2017ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡಾಗ ಆ ಪರಂಪರೆಯ ಒಂದು ಯುಗವೇ ಮುಗಿದಂತಾಯಿತು. ಆದರೂ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ನಾಟಕ ಕಂಪನಿಗಳು ಡೇರೆ ಹಾಕುತ್ತವೆ.

ಈ ರಂಗಭೂಮಿಯನ್ನು ಕುರಿತು ವಿದ್ಯಾವಂತ ವಿಮರ್ಶಕರು ಹೊರಿಸಿದ ಆರೋಪಗಳಲ್ಲಿ ಮುಖ್ಯವಾದುದು ‘ಒನ್ಸ್ ಮೋರ್’ ಪದ್ಧತಿ. ಹಾಡು ಮೆಚ್ಚುಗೆಯಾದರೆ ಪ್ರೇಕ್ಷಕರು ಕೂಗುವರು. ನಟನು ಕಥೆಯನ್ನು ನಿಲ್ಲಿಸಿ ಮತ್ತೆ ಹಾಡುವನು. ಸತ್ತುಬಿದ್ದ ಪಾತ್ರವೂ ಎದ್ದು ಹಾಡಿ ಮತ್ತೆ ಸತ್ತಿತೆಂಬ ನಗೆಮಾತು ಇದರಿಂದ ಹುಟ್ಟಿದ್ದು. ಔಚಿತ್ಯದ ದೃಷ್ಟಿಯಿಂದ ಈ ಟೀಕೆಯನ್ನು ತಳ್ಳಿಹಾಕಲಾಗದು. ಆದರೆ ನೀಲಾಂಜನೆಯ ಸಭೆಯೊಡನೆ ಹೋಲಿಸಿದರೆ ಈ ಒರಟು ಕೂಗಿನಲ್ಲಿ ಒಂದು ಗುಣವೂ ಕಾಣುತ್ತದೆ. ಆ ಕ್ಷಣದಲ್ಲಿ ಪ್ರೇಕ್ಷಕನು ಹರಿಶ್ಚಂದ್ರನನ್ನು ಬಿಟ್ಟು, ಹರಿಶ್ಚಂದ್ರನ ವೇಷ ತೊಟ್ಟು ಹಾಡುತ್ತಿರುವ ಮನುಷ್ಯನನ್ನು ಗುರುತಿಸುತ್ತಿದ್ದನು. ರಸ ಭಂಗವಾಗುತ್ತಿತ್ತು, ಮನುಷ್ಯ ಕಾಣಿಸುತ್ತಿದ್ದನು. ಅಷ್ಟೇ ಸತ್ಯವಾದ ಇನ್ನೊಂದು ಮುಖವೂ ಇದೆ. ಇರುಳೆಲ್ಲ ಹಾಡಿ ದಣಿದ ಕಂಠವನ್ನು ಮತ್ತೆ ಮತ್ತೆ ಹಾಡೆಂದು ಕಾಡುವುದು ಲೋಭವೇ. ಹಾಗೆ ಹೆಚ್ಚಿಗೆ ಹಾಡಿದ್ದಕ್ಕೆ ಟಿಕೆಟ್ಟಿನ ಬೆಲೆಯೇನೂ ಹೆಚ್ಚುತ್ತಿರಲಿಲ್ಲ. ಮೆಚ್ಚುಗೆಯೂ ಶೋಷಣೆಯೂ ಒಂದೇ ಕೂಗಿನಲ್ಲಿ ಬೆರೆತಿದ್ದವು.

ಅಮೆರಿಕದ ಸಂಗೀತ ನಾಟಕವು ಬೇರೊಂದು ದಾರಿಯನ್ನು ಹಿಡಿಯಿತು. 1927ರ ‘ಶೋ ಬೋಟ್’, 1943ರ ‘ಒಕ್ಲಹೋಮ!’ ಮುಂತಾದವುಗಳಲ್ಲಿ ಹಾಡು ಕಥೆಯ ಒಳಗಿನಿಂದಲೇ ಹುಟ್ಟಬೇಕು, ಪಾತ್ರದ ಮನಸ್ಸಿಗೆ ಮಾತು ಸಾಲದೆ ಬಂದಾಗಲೇ ಹಾಡು ಬರಬೇಕು ಎಂಬ ನಿಯಮ ಬಲವಾಯಿತು. ಕಲೆಯ ದೃಷ್ಟಿಯಿಂದ ಇದು ದೊಡ್ಡ ಸಾಧನೆ. ಆದರೆ ಹೆಣಿಗೆ ಬಿಗಿಯಾದಷ್ಟೂ ಹೆಣೆದವರ ಕೈ ಕಾಣದಾಗುತ್ತದೆ. ಮುಖ್ಯಪಾತ್ರಗಳ ಹಿಂದೆ ಸಾಲಾಗಿ ನಿಂತು ಕುಣಿಯುವ ನರ್ತಕ ನರ್ತಕಿಯರಿಗೆ ಹೆಸರಿಲ್ಲ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಂತರೂ ಸಾಲು ಕೆಡುವುದಿಲ್ಲ.

ಅವರನ್ನೇ ಮುಂದೆ ತಂದ ನಾಟಕವು 1975ರ ‘ಎ ಕೋರಸ್ ಲೈನ್’. ಅದರ ನಿರ್ದೇಶಕ ಮೈಕೆಲ್ ಬೆನೆಟ್ 1974ರಲ್ಲಿ ನರ್ತಕರನ್ನು ಕೂಡಿಸಿಕೊಂಡು ಅವರ ಬದುಕಿನ ಕಥೆಗಳನ್ನು ಧ್ವನಿಮುದ್ರಿಸಿದನು. ಬಡತನ, ಮನೆಯ ಜಗಳ, ಗಾಯಗೊಂಡ ಕಾಲು, ಕೆಲಸ ಸಿಗದ ಭಯ ಎಲ್ಲವೂ ಅದರಲ್ಲಿದ್ದವು. ಆ ಮಾತುಗಳೇ ನಾಟಕವಾದವು, ಹಾಡುಗಳಾದವು. ನಾಟಕಕ್ಕೆ 1976ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತು; 1990ರವರೆಗೆ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 6,137 ಪ್ರದರ್ಶನಗಳಾದವು. ಆದರೆ ತಮ್ಮ ಬದುಕಿನ ಕಥೆಯ ಹಕ್ಕನ್ನು ಆ ನರ್ತಕರು ಬಿಟ್ಟುಕೊಟ್ಟದ್ದು ತಲಾ ಒಂದು ಡಾಲರಿಗೆ. ಹೆಸರಿಲ್ಲದವರ ನೋವನ್ನು ಹಾಡುವ ನಾಟಕದ ಲೆಕ್ಕಪುಸ್ತಕದಲ್ಲಿ ಅವರ ಬಾಬ್ತು ಅಷ್ಟೇ! ಮುಂದೆ ಬೆನೆಟ್ ತಾನೇ ಅವರಿಗೆ ಗೌರವಧನದಲ್ಲಿ ಪಾಲು ಕೊಡುವ ಏರ್ಪಾಡು ಮಾಡಿದನೆಂಬುದನ್ನೂ, 2006ರಲ್ಲಿ ನಾಟಕ ಮತ್ತೆ ರಂಗಕ್ಕೆ ಬಂದಾಗ ಎದ್ದ ತಕರಾರು 2008ರ ಒಪ್ಪಂದದಲ್ಲಿ ಪರಿಹಾರವಾಯಿತೆಂಬುದನ್ನೂ ಹೇಳದಿದ್ದರೆ ನ್ಯಾಯವಾಗದು. ಆದರೂ ಮೊದಲ ಕಾಗದದ ಮೇಲೆ ಬರೆದ ಆ ಒಂದು ಡಾಲರು ಆ ನಾಟಕದ ವಿಮರ್ಶೆಯಿಂದ ಹೊರಗುಳಿಯತಕ್ಕ ಸಂಗತಿಯಲ್ಲ. ಕೃತಿಯ ಕರುಣೆಗೂ ಕೃತಿಕಾರನ ವ್ಯವಹಾರಕ್ಕೂ ನಡುವೆ ಇರುವ ಅಂತರವು ಕೃತಿಯ ತೂಕವನ್ನು ತಗ್ಗಿಸುತ್ತದೆ.

ಅಲ್ಲಿಯ ಕಲಾವಿದರು ಸಂಘಟಿತರಾದ ಬಗೆಯಿಂದ ಕಲಿಯತಕ್ಕದ್ದೂ ಇದೆ. 1913ರಲ್ಲಿ ಸ್ಥಾಪನೆಯಾದ ನಟರ ಸಂಘವಾದ ‘ಆಕ್ಟರ್ಸ್ ಇಕ್ವಿಟಿ’ಯು 1919ರಲ್ಲಿ ಮುಷ್ಕರ ಹೂಡಿತು. ತಾಲೀಮಿನ ವಾರಗಳಿಗೆ ಸಂಬಳವಿಲ್ಲದಿರುವುದು, ದೂರದ ಊರಿನಲ್ಲಿ ಕಂಪನಿ ಮುಚ್ಚಿ ನಟರನ್ನು ನಡುದಾರಿಯಲ್ಲಿ ಬಿಟ್ಟುಬಿಡುವುದು ಇವೇ ಅವರ ದೂರುಗಳಾಗಿದ್ದವು. ಕನ್ನಡದ ಕಂಪನಿ ಕಲಾವಿದರಿಗೂ ಇವು ಹೊಸ ಮಾತುಗಳಲ್ಲ. ಗಮನಿಸತಕ್ಕ ಇನ್ನೊಂದು ಪದ್ಧತಿಯೂ ಅಲ್ಲಿದೆ. ಮುಖ್ಯನಟಿ ಅಸ್ವಸ್ಥಳಾಗಿ ಬದಲಿ ನಟಿ ರಂಗಕ್ಕೆ ಬರುವ ದಿನ, ಕಾರ್ಯಕ್ರಮ ಪತ್ರಿಕೆಯೊಳಗೆ ಚೀಟಿಯಿಟ್ಟೋ ಬಾಗಿಲಲ್ಲಿ ಫಲಕ ತೂಗಿಸಿಯೋ ಆ ವಿಷಯವನ್ನು ಪ್ರೇಕ್ಷಕರಿಗೆ ತಿಳಿಸುತ್ತಾರೆ. ಇಂದ್ರನು ಸಭೆಯಿಂದ ಮರೆಮಾಡಿದ್ದನ್ನು ಆ ಚಿಕ್ಕ ಚೀಟಿ ಬಹಿರಂಗಪಡಿಸುತ್ತದೆ. ಹೋದವಳಿಗೂ ಬಂದವಳಿಗೂ ಅದರಿಂದ ಮರ್ಯಾದೆ ಸಲ್ಲುತ್ತದೆ.

ಈ ವಿಷಯವನ್ನು ಶ್ರಾವಕಧರ್ಮದ ಅಳತೆಗೋಲಿನಿಂದ ನೋಡುವುದು ಅಪ್ರಸ್ತುತವಾಗಲಾರದು. ಅಚೌರ್ಯ ಅಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ಎರಡು ಇಲ್ಲಿ ನೇರವಾಗಿ ಅನ್ವಯಿಸುತ್ತವೆ. ಮೊದಲನೆಯದು ಹೀನಾಧಿಕಮಾನೋನ್ಮಾನ; ಎಂದರೆ ಕೊಡುವಾಗ ಕಡಿಮೆಯ ಅಳತೆ, ಕೊಳ್ಳುವಾಗ ಹೆಚ್ಚಿನ ಅಳತೆ. ಎರಡನೆಯದು ಪ್ರತಿರೂಪಕವ್ಯವಹಾರ, ಒಂದರ ರೂಪವನ್ನು ತೋರಿ ಇನ್ನೊಂದನ್ನು ಸಾಗಿಸುವುದು. ಅಂಗಡಿಯ ತಕ್ಕಡಿಯಲ್ಲಿ ಈ ದೋಷಗಳನ್ನು ಯಾವ ಮನೆತನವೂ ಸಹಿಸದು. ಮೂರು ತಾಸು ಹಾಡಿಸಿಕೊಂಡು ಹಾರ ಹಾಕಿ ಕಳುಹಿಸುವಾಗಲಾಗಲಿ, ಒಬ್ಬರು ಕಟ್ಟಿದ ಹಾಡನ್ನು ಇನ್ನೊಬ್ಬರ ಹೆಸರಿನಲ್ಲಿ ಹಾಡಿಸುವಾಗಲಾಗಲಿ ಆ ತಕ್ಕಡಿ ನೆನಪಿಗೆ ಬರುವುದಿಲ್ಲ.

ಕಂಪನಿ ನಾಟಕದ ಹಾಡುಗಳಲ್ಲಿ ಎರವಲು ಹೇರಳವಾಗಿತ್ತು. ಪಾರ್ಸಿ ಮತ್ತು ಮರಾಠಿ ನಾಟಕಗಳ ಮಟ್ಟುಗಳಿಗೆ ಕನ್ನಡದ ಮಾತು ಹೊಂದಿಸುತ್ತಿದ್ದರು. ಆದರೆ ಹಾಡಿನ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ ಇದು ಇಂಥ ಹಾಡಿನ ಮಟ್ಟು ಎಂದು ಅಚ್ಚು ಹಾಕಿಸುವ ರೂಢಿಯೂ ಇತ್ತು. ಹಾಡುವವರ ಅನುಕೂಲಕ್ಕೆಂದು ಹುಟ್ಟಿದ ಆ ಒಂದು ಸಾಲಿನಿಂದ ಸಾಲದ ಮೂಲವು ತಾನಾಗಿಯೇ ನಮೂದಾಗುತ್ತಿತ್ತು. ಇಂದು ಚಿತ್ರಗೀತೆಗಳ ಧಾಟಿಗೆ ಭಕ್ತಿಗೀತೆಗಳನ್ನು ಹೊಂದಿಸಿ ಹಾಡುವಾಗ ಆ ಸಾಲು ಮಾಯವಾಗಿದೆ.

ಋಣವನ್ನು ಸರಿಯಾಗಿ ಎಣಿಸಿದ ಉದಾಹರಣೆಗಳೂ ಇಲ್ಲದಿಲ್ಲ. ಬಾಲ್ಯದಲ್ಲಿ ಮನೆ ಬಿಟ್ಟು ಬಂದು ಗುಬ್ಬಿ ಕಂಪನಿ ಸೇರಿದ ಬಿ. ವಿ. ಕಾರಂತರನ್ನು (1929–2002) ವೀರಣ್ಣನವರು ಮುಂದೆ ಉನ್ನತ ವಿದ್ಯಾಭ್ಯಾಸಕ್ಕೆ ಕಾಶಿಗೆ ಕಳುಹಿಸಿದರು. ಕಂಪನಿಗೆ ಅದರಿಂದ ತಕ್ಷಣದ ಲಾಭವೇನೂ ಇರಲಿಲ್ಲ. ಆದರೆ ಆಧುನಿಕ ಕನ್ನಡ ರಂಗಸಂಗೀತಕ್ಕೆ ಹೊಸ ಜೀವ ಕೊಟ್ಟವರೂ, 1989ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಂಗಾಯಣದ ಮೊದಲ ನಿರ್ದೇಶಕರೂ ಅವರೇ ಆದರು. ಇದಕ್ಕೆ ಪ್ರತಿಯಾಗಿ, ಮುಪ್ಪಿನಲ್ಲಿಯೋ ಕಾಯಿಲೆಯಲ್ಲಿಯೋ ಇರುವ ನಟನಿಗಾಗಿ ‘ಸಹಾಯಾರ್ಥ ನಾಟಕ’ ಆಡುವ ಪದ್ಧತಿಯನ್ನು ಎಷ್ಟು ಹೊಗಳಿದರೂ, ಸಲ್ಲಬೇಕಾದ ಕಾಲದಲ್ಲಿ ಸಲ್ಲದ ಸಂಬಳವು ತಡವಾಗಿ ದಾನದ ವೇಷದಲ್ಲಿ ಬಂದಿತೆಂಬ ಅನುಮಾನ ಉಳಿದೇ ಉಳಿಯುತ್ತದೆ.

ಕೊಡಗಿಗೂ ತನ್ನದೇ ಆದ ಸಂಗೀತ ನಾಟಕದ ಪರಂಪರೆಯುಂಟು. ಹರದಾಸ ಅಪ್ಪಚ್ಚ ಕವಿಗಳು (1868–1944) 1906ರಲ್ಲಿ ‘ಯಯಾತಿ’, 1908ರಲ್ಲಿ ‘ಸಾವಿತ್ರಿ’ ಮತ್ತು ‘ಸುಬ್ರಹ್ಮಣ್ಯ’, 1918ರಲ್ಲಿ ‘ಕಾವೇರಿ’ ಎಂಬ ನಾಟಕಗಳನ್ನು ಕೊಡವ ಭಾಷೆಯಲ್ಲಿ ರಚಿಸಿ ಹಾಡುಗಳಿಂದ ತುಂಬಿದರು. ಕವಿಯನ್ನು ಕೊಡಗು ಇಂದಿಗೂ ಗೌರವದಿಂದ ಸ್ಮರಿಸುತ್ತದೆ. ಆ ಹಾಡುಗಳನ್ನು ಮೊದಲು ರಂಗದ ಮೇಲೆ ಹಾಡಿದವರನ್ನು ನೆನೆಯುವವರು ವಿರಳ.

ಪಾಲಿಬೆಟ್ಟದ ಸುತ್ತಲಿನ ಕಾಫಿ ತೋಟಗಳ ಲೆಕ್ಕಪದ್ಧತಿಯನ್ನು ಬಲ್ಲವರಿಗೆ ಈ ಮರೆವು ವಿಚಿತ್ರವಾಗಿ ತೋರಬೇಕು. ಮಾರುಕಟ್ಟೆಗೆ ಹೋಗುವ ಚೀಲದ ಮೇಲೆ ತೋಟದ ಗುರುತು ಮಾತ್ರ ಇರುತ್ತದೆ. ಆದರೆ ತೋಟದ ಚೆಕ್‌ರೋಲಿನಲ್ಲಿ ಆ ದಿನ ಹಣ್ಣು ಕೊಯ್ದವರ ಹೆಸರು ಇದ್ದೇ ಇರುತ್ತದೆ. ಹೆಸರಿನ ಮುಂದೆ ಹಾಜರಿ, ಹಾಜರಿಯ ಮುಂದೆ ಕೂಲಿ. ಕೂಲಿ ಸಾಕೇ ಸಾಲದೇ ಎಂಬ ವಾದಕ್ಕಾದರೂ ಒಂದು ಆಧಾರವಿರುತ್ತದೆ. ಉತ್ಸವದ ವೇದಿಕೆಯಲ್ಲಿ ಹಾಡಿದವಳಿಗೆ ಅಂಥ ಚೆಕ್‌ರೋಲೂ ಇಲ್ಲ.

ನಾಟಕ, ಗಾಯನ, ನರ್ತನಗಳೆಲ್ಲ ರಾಗವನ್ನು ಹೆಚ್ಚಿಸುವಂಥವು, ಪ್ರಮಾದಕ್ಕೆ ದಾರಿ. ಅವುಗಳಿಂದ ದೂರವಿರುವುದೇ ಲೇಸು ಎಂಬ ಹಿರಿಯರ ಮಾತೂ ಉಂಟು. ಮುನಿಗಳಿಗೆ ಅದು ನಿಶ್ಚಯವಾಗಿ ಸಲ್ಲುತ್ತದೆ. ಗೃಹಸ್ಥ ಸಮಾಜವಾದರೋ ರಂಗಕಲೆಯಿಂದ ಎಂದೂ ದೂರವಿದ್ದುದಿಲ್ಲ. ಜೈನ ಹೆಗ್ಗಡೆ ಮನೆತನದ ಆಡಳಿತದಲ್ಲಿರುವ ಧರ್ಮಸ್ಥಳ ಕ್ಷೇತ್ರವು ತಲೆಮಾರುಗಳಿಂದ ಯಕ್ಷಗಾನ ಮೇಳವನ್ನು ನಡೆಸಿಕೊಂಡು ಬಂದಿದೆ. ನೋಡದೆ ಇರುವವನಿಗೆ ಋಣವಿಲ್ಲ. ನೋಡಿ ಆನಂದಿಸಿ, ಕಲೆ ಕೀಳೆಂಬ ನೆಪದಿಂದ ಕಲಾವಿದನಿಗೆ ಕಡಿಮೆ ಕೊಡುವವನು ಎರಡು ಕಡೆಯೂ ತಪ್ಪುತ್ತಾನೆ.

ಮಂದಿರ ಟ್ರಸ್ಟುಗಳು ಆಚರಿಸಬಹುದಾದುವು ಬಹು ಸಣ್ಣ ಸಂಗತಿಗಳು. ಆಮಂತ್ರಣ ಪತ್ರಿಕೆಯಲ್ಲಿ ದಾನಿಗಳ ಹೆಸರಿನ ಜೊತೆಗೆ ಹಾಡುವವರು, ಮೃದಂಗ ನುಡಿಸುವವರು, ಹಾಡು ಕಟ್ಟಿದವರು, ಕುಣಿತ ಕಲಿಸಿದವರು ಇವರ ಹೆಸರೂ ಅಚ್ಚಾಗಲಿ. ಗೌರವಧನವು ಮೊದಲೇ ನಿಶ್ಚಯವಾಗಿ, ಕಾರ್ಯಕ್ರಮ ಮುಗಿದ ದಿನವೇ ಕೈಸೇರಲಿ. ಧ್ವನಿಮುದ್ರಿತ ಸಂಗೀತಕ್ಕೆ ಕುಣಿಸುವುದಾದರೆ ಆ ಧ್ವನಿ ಯಾರದೆಂದು ಹೇಳಲಿ. ಬದಲಿಯವರು ಬಂದ ದಿನ ಅದನ್ನು ಸಭೆಗೆ ತಿಳಿಸಲಿ. ಕಲಾವಿದರ ಪ್ರದರ್ಶನದ ಹಕ್ಕನ್ನು ಭಾರತದ ಕೃತಿಸ್ವಾಮ್ಯ ಕಾನೂನು 1994ರ ತಿದ್ದುಪಡಿಯಲ್ಲಿಯೇ ಒಪ್ಪಿದೆ. 2012ರ ತಿದ್ದುಪಡಿಯು ತನ್ನ ಪ್ರದರ್ಶನಕ್ಕೆ ತನ್ನ ಹೆಸರು ಸಲ್ಲಬೇಕೆಂದು ಕೇಳುವ ಹಕ್ಕನ್ನೂ ಕಲಾವಿದನಿಗೆ ಕೊಟ್ಟಿದೆ. ಅಣುವ್ರತದ ಮನೆಗಳು ಕಾನೂನಿಗಿಂತ ಹಿಂದೆ ನಡೆಯುವುದು ಶೋಭಿಸದು.

ಯಾರದೆಂದು ತಿಳಿಯದ ಹಣವು ಖಾತೆಗೆ ಜಮೆಯಾದರೆ ಪ್ರಾಮಾಣಿಕನಾದ ವ್ಯಾಪಾರಿಯು ಅದನ್ನು ಲಾಭವೆಂದು ಎಣಿಸುವುದಿಲ್ಲ. ಒಡೆಯನು ಸಿಗುವವರೆಗೆ ಬೇರೆಯಾಗಿ ಬರೆದಿಟ್ಟು ಹುಡುಕುತ್ತಾನೆ. ಸಭೆಯು ಅನುಭವಿಸಿದ ಆನಂದವೂ ಅಂಥದೇ ಜಮೆ. ಅದರ ಒಡೆಯರ ಹೆಸರು ಕೇಳಿ ತಿಳಿದುಕೊಳ್ಳುವುದು ಪ್ರೇಕ್ಷಕನ ಕರ್ತವ್ಯ.