ದಾಸಿಮಯ್ಯನವರ ವಚನಗಳಲ್ಲಿ ತರ್ಕ

ತರ್ಕವೆಂದೊಡನೆ ಭಕ್ತರಲ್ಲಿ ಅನೇಕರು ಮುಖ ತಿರುಗಿಸುತ್ತಾರೆ. ಅನುಭಾವಕ್ಕೂ ತರ್ಕಕ್ಕೂ ಎಣ್ಣೆ-ಸೀಗೆಕಾಯಿ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ವಸ್ತುತಃ ಶರಣರು ಖಂಡಿಸಿದ್ದು ಗೆಲ್ಲುವುದಕ್ಕೆಂದೇ ಹೂಡುವ ಶುಷ್ಕವಾದವನ್ನು, ವಿಚಾರದ ಕ್ರಮವನ್ನಲ್ಲ. ಇದಕ್ಕೆ ಸಾಕ್ಷಿಯನ್ನರಸಿ ಸಗರನಾಡಿನವರು ದೂರ ಹೋಗಬೇಕಾಗಿಲ್ಲ. ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯನವರ ವಚನಗಳೇ ಸಾಕು.

ಬೆಂಕಿ-ಗಾಳಿಗಳ ವಚನವನ್ನು ನೋಡಬಹುದು. ದಹಿಸುವ ಶಕ್ತಿ ಒಂದಕ್ಕೆ, ಚಲಿಸುವ ಶಕ್ತಿ ಇನ್ನೊಂದಕ್ಕೆ. ಎರಡೂ ಕೂಡದೆ ಕಾರ್ಯವಿಲ್ಲ. ಅರಿವು-ಆಚರಣೆಗಳ ಸ್ಥಿತಿಯೂ ಹೀಗೆಯೇ. ನ್ಯಾಯಶಾಸ್ತ್ರವು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಅವಯವಗಳನ್ನು ಹೇಳುತ್ತದೆ. ದಾಸಿಮಯ್ಯನವರು ಉದಾಹರಣೆಯಿಂದಲೇ ಆರಂಭಿಸಿ ನೇರವಾಗಿ ನಿಗಮನಕ್ಕೆ ಬರುತ್ತಾರೆ. ಹೇತುವನ್ನು ಕೇಳುಗನೇ ತುಂಬಿಕೊಳ್ಳಬೇಕು. ಇದನ್ನು ಬರಿಯ ಉಪಮಾಲಂಕಾರವೆಂದು ವ್ಯಾಖ್ಯಾನಿಸಿ ಮುಗಿಸುವವರು ವಚನದ ಅರ್ಧವನ್ನಷ್ಟೇ ಓದಿದಂತೆ.

ಒಡಲಿನ ವಚನ ಇದಕ್ಕೂ ಮಿಗಿಲಾದುದು. ದೇಹಧಾರಿಗೆ ಹಸಿವೂ ಹುಸಿಯೂ ತಪ್ಪಿದ್ದಲ್ಲವೆಂಬುದು ಅಲ್ಲಿಯ ವ್ಯಾಪ್ತಿ. ಅದನ್ನು ಮುಂದಿಟ್ಟುಕೊಂಡು ಭಕ್ತನು ರಾಮನಾಥನನ್ನೇ ಪರೀಕ್ಷೆಗೆ ಕರೆಯುತ್ತಾನೆ: ನೀನೂ ದೇಹ ಧರಿಸಿದ್ದಾದರೆ ಏನಾಗುತ್ತಿತ್ತು? ಬೆಂಕಿ ಇಲ್ಲದಿದ್ದಲ್ಲಿ ಹೊಗೆಯೂ ಇರುತ್ತಿರಲಿಲ್ಲವೆಂಬ ಬಗೆಯ ಈ ಆರೋಪವನ್ನೇ ನೈಯಾಯಿಕರು ಪಾರಿಭಾಷಿಕವಾಗಿ ‘ತರ್ಕ’ವೆನ್ನುವುದು. ಇಲ್ಲಿ ತರ್ಕವು ಭಕ್ತಿಯ ಸಲಿಗೆಯಿಂದಲೇ ಹುಟ್ಟಿದೆ.

ಆದರೆ ಹೆಣ್ಣು-ಗಂಡಿನ ವಚನದಲ್ಲಿ ನಾವು ಎಚ್ಚರ ವಹಿಸಬೇಕು. ದೇಹಲಕ್ಷಣಗಳಿಂದ ಲಿಂಗಭೇದ, ಆತ್ಮಕ್ಕೆ ಆ ಲಕ್ಷಣಗಳಿಲ್ಲ, ಆದುದರಿಂದ ಆತ್ಮದಲ್ಲಿ ಭೇದವಿಲ್ಲ, ಇಷ್ಟು ಸಿದ್ಧವಾಗುತ್ತದೆ. ಇಷ್ಟರಿಂದಲೇ ಮನೆಯಲ್ಲಿ, ಮಠದಲ್ಲಿ, ಹೊಲದಲ್ಲಿ ಸಮಾನತೆ ಸಿದ್ಧಿಸಿತೆಂದು ಸಭೆಗಳಲ್ಲಿ ಹೇಳುವವರು ಒಂದು ಮೆಟ್ಟಿಲನ್ನು ಹಾರಿದ್ದಾರೆ. ಆ ಸಮಾನತೆ ಬೇಕೇ ಬೇಕು; ಅದಕ್ಕಾಗಿಯೇ ಆ ಮೆಟ್ಟಿಲನ್ನು ಕಟ್ಟಬೇಕು, ಹಾರಬಾರದು.

ಯಾದಗಿರಿ, ಶಹಾಪುರ, ಸುರಪುರಗಳ ಪದವಿ ವಿದ್ಯಾರ್ಥಿಗಳಿಗೆ ತರ್ಕದ ಒಂದು ಪ್ರಮಾಣಪತ್ರ ಶಿಕ್ಷಣ ಬೇಕೆಂದು ನಾನು ಹೇಳುವುದು ಈ ಕಾರಣದಿಂದ. ಕನ್ನಡದವನು ಭಾವಾರ್ಥವನ್ನು ಕಂಠಪಾಠ ಮಾಡುತ್ತಾನೆ. ಗಣಿತದವನು ‘ಆದರೆ’ ಎಂಬುದನ್ನು ಸತ್ಯಕೋಷ್ಟಕದಲ್ಲಿ ಕಲಿಯುತ್ತಾನೆ. ಒಬ್ಬರ ಪಾಠ ಇನ್ನೊಬ್ಬರಿಗೆ ತಿಳಿಯದು. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಗಳನ್ನು ಪ್ರಕಟಿಸುವಾಗ ‘ವಚನಶಾಸ್ತ್ರಸಾರ’ವೆಂದೇ ಹೆಸರಿಟ್ಟರು, ‘ಶಾಸ್ತ್ರ’ ಎಂಬ ಆ ಮಾತನ್ನು ನಾವು ಹಗುರವಾಗಿ ದಾಟಿಬಿಟ್ಟಿದ್ದೇವೆ. ಪರಿಭಾಷೆಗೆ ಕೊರತೆಯೆಂದು ಯಾರೂ ನೆಪ ಹೇಳುವಂತಿಲ್ಲ. ಶಾಸ್ತ್ರವಿಷಯಗಳನ್ನು ಕನ್ನಡ ಗದ್ಯದಲ್ಲಿ ನಿರೂಪಿಸಿದ ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ ನಮ್ಮ ಮುಂದಿದೆ. ಮೊದಲ ದಿನ ಬೆಂಕಿ-ಗಾಳಿಗಳ ವಚನವನ್ನು ಹಲಗೆಯ ಮೇಲೆ ಬರೆದು, ಅಲ್ಲಿ ಹೇಳದೆ ಬಿಟ್ಟ ಹೇತು ಯಾವುದೆಂದು ಎರಡೂ ತರಗತಿಯವರನ್ನು ಒಟ್ಟಿಗೆ ಕೇಳಬಹುದು.