ಆಮೆ ಕಾಣದಿದ್ದರೂ ದಂಡವಾಗದ ಪ್ರವಾಸ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಡೆಯವರಿಗೆ ಕರಾವಳಿ ಎಂದರೆ ಮೊದಲು ದೇವಸ್ಥಾನ, ಆಮೇಲೆ ಸಮುದ್ರ. ಟಿಟಿ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು ಹೊರಟ ಕುಟುಂಬ ಕೊಲ್ಲೂರು, ಮುರುಡೇಶ್ವರ, ಇಡಗುಂಜಿ ಮುಗಿಸಿ ಸಂಜೆ ಮರಳಿನ ಮೇಲೆ ಕೂರುತ್ತದೆ. ಕಡಲಾಮೆಗಳ ಸುದ್ದಿ ಪತ್ರಿಕೆ, ಮೊಬೈಲ್‌ಗಳಲ್ಲಿ ಹರಿದಾಡುವ ಈ ಕಾಲದಲ್ಲಿ, ರಾತ್ರಿ ಆಮೆ ಮೊಟ್ಟೆ ಇಡುವುದನ್ನು ಮಕ್ಕಳಿಗೆ ತೋರಿಸುವ ಆಸೆಯೂ ಆ ಪಟ್ಟಿಗೆ ಸೇರಿದರೆ ಅಚ್ಚರಿಯಿಲ್ಲ. ಆಸೆ ಒಳ್ಳೆಯದೇ. ಅದನ್ನು ತೀರಿಸಿಕೊಳ್ಳುವ ರೀತಿಗಳನ್ನು ಮಾತ್ರ ತೂಗಿ ನೋಡಬೇಕು.

ನಮ್ಮ ಕರಾವಳಿಗೆ ಹೆಚ್ಚಾಗಿ ಬರುವುದು ಆಲಿವ್ ರಿಡ್ಲಿ. ಒಡಿಶಾದ ಗಹಿರ್ಮಾತಾ, ಋಷಿಕುಲ್ಯಾ ತೀರಗಳಲ್ಲಿ ಅವು ಸಾವಿರಗಟ್ಟಲೆ ಒಟ್ಟಿಗೆ ದಡ ಹತ್ತುತ್ತವೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಾಗಲಿ ಕುಂದಾಪುರದ ಕೋಡಿಯಲ್ಲಾಗಲಿ ಹಾಗಲ್ಲ, ಬಂದರೆ ಒಂದೊಂದೇ. ಯಾವ ರಾತ್ರಿ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಯಾರೂ ಮೊದಲೇ ಹೇಳಲಾರರು. ದಡ ಹತ್ತಿದ ತಾಯಿ ಹಿಂಗಾಲಿನಲ್ಲಿ ಒಂದೂವರೆ ಅಡಿಯಷ್ಟು ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮರಳು ಮುಚ್ಚಿ, ಸುಮಾರು ಒಂದು ಗಂಟೆಯಲ್ಲಿ ಕಡಲಿಗೆ ಮರಳುತ್ತದೆ. ಮೊಟ್ಟೆ ಇಡಲು ಶುರುಮಾಡುವ ಮೊದಲು ಬ್ಯಾಟರಿ ಬೆಳಕೋ ಗದ್ದಲವೋ ಎದುರಾದರೆ ಗುಂಡಿಯನ್ನೂ ಬಿಟ್ಟು ಹಿಂದೆ ಸರಿಯುತ್ತದೆ. ಹಾಗಾಗಿ ‘ಖಂಡಿತ ತೋರಿಸುತ್ತೇವೆ’ ಎಂದು ದುಡ್ಡು ಕೇಳುವವರನ್ನು ಮೊದಲು ದೂರವಿಡಬೇಕು.

ಅಷ್ಟು ದೂರದಿಂದ ಬಂದವರು ಬರಿಗೈಲಿ ಹೋಗುವುದೆ ಎಂಬ ಹಟದಲ್ಲಿ ಮೊಬೈಲ್ ಬೆಳಕು ಹಾಯಿಸುತ್ತ ದಡದುದ್ದ ಹುಡುಕಾಡುವುದು ಎಲ್ಲಕ್ಕಿಂತ ಕೆಟ್ಟ ರೀತಿ. ಕೋಸ್ಟರಿಕದ ಒಸ್ತಿಯೊನಾಲ್ ತೀರದಲ್ಲಿ 2015ರ ಸೆಪ್ಟೆಂಬರ್‌ನಲ್ಲಿ ಆಮೆ ನೋಡಲು ಜನ ಮುಗಿಬಿದ್ದು, ಕೆಲವರು ಮಕ್ಕಳನ್ನು ಆಮೆಯ ಬೆನ್ನ ಮೇಲೆ ಕೂರಿಸಿ ಫೋಟೊ ತೆಗೆದರು. ಎಷ್ಟೋ ಆಮೆಗಳು ಮೊಟ್ಟೆ ಇಡದೆ ಹಿಂತಿರುಗಿದವು. ಅಲ್ಲಿ ಸೇರಿದವರೆಲ್ಲ ಪ್ರಾಣಿದ್ವೇಷಿಗಳೇನಲ್ಲ, ಸಂಸಾರ ಸಮೇತ ಬಂದ ಪ್ರಾಣಿಪ್ರಿಯರೇ.

ಮರಿಗಳನ್ನು ಕಡಲಿಗೆ ಬಿಡುವ ಸಮಾರಂಭ ನೋಡಲು ಸಾತ್ವಿಕ. ಆದರೆ ಅತಿಥಿಗಳು ಬರಲೆಂದು ಮರಿಗಳನ್ನು ಬುಟ್ಟಿಯಲ್ಲಿ ಕಾಯಿಸಿದರೆ, ಅಲೆ ದಾಟಿ ಈಜಲು ಬೇಕಾದ ಕಸುವು ಅಲ್ಲೇ ಕರಗುತ್ತದೆ. ಅಂಗೈ ಮೇಲಿಟ್ಟು ಫೋಟೊ ತೆಗೆಸಿಕೊಳ್ಳುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಜೀವಿಗೆ ಸಲ್ಲುವ ಮರ್ಯಾದೆಯಲ್ಲ.

ಚೆನ್ನೈನಲ್ಲಿ ‘ಸ್ಟೂಡೆಂಟ್ಸ್ ಸೀ ಟರ್ಟಲ್ ಕನ್ಸರ್ವೇಷನ್ ನೆಟ್‌ವರ್ಕ್’ 1988ರಿಂದ ನಡೆಸುತ್ತಿರುವ ರಾತ್ರಿ ನಡಿಗೆ ಇವೆರಡಕ್ಕಿಂತ ಮೇಲು. ನೀಲಾಂಕರೈನಿಂದ ಬೆಸೆಂಟ್ ನಗರದ ಕಡೆಗೆ ಕಾರ್ಯಕರ್ತರು ದಡದಲ್ಲಿ ನಡೆದು ಗೂಡು ಹುಡುಕಿ, ಮೊಟ್ಟೆಗಳನ್ನು ಕಾವಲಿರುವ ಜಾಗಕ್ಕೆ ಸಾಗಿಸುತ್ತಾರೆ. ವಾರಾಂತ್ಯದಲ್ಲಿ ಸಾರ್ವಜನಿಕರನ್ನೂ ಜೊತೆಗೆ ಕರೆದೊಯ್ಯುತ್ತಾರೆ. ಮೊದಲು ಮಾತು, ಆಮೇಲೆ ನಡಿಗೆ. ಆಮೆ ಸಿಗದ ರಾತ್ರಿಗಳೂ ಉಂಟು. ಇದರ ಗುಣ ಇರುವುದು ಇಲ್ಲೇ: ಕೆಲಸ ಪ್ರೇಕ್ಷಕರಿಗಾಗಿ ಹುಟ್ಟಿದ್ದಲ್ಲ, ಇರುವ ಕೆಲಸದ ಹಿಂದೆ ಪ್ರೇಕ್ಷಕರು ನಡೆಯುತ್ತಾರೆ. ರತ್ನಾಗಿರಿ ಜಿಲ್ಲೆಯ ವೇಳಾಸ್‌ನದು ಇನ್ನೊಂದು ಗುಣ. ಅಲ್ಲಿ ಮರಿ ನೋಡಲು ಬಂದವರು ಊರಿನವರ ಮನೆಗಳಲ್ಲೇ ಉಂಡು ತಂಗುತ್ತಾರೆ, ದುಡ್ಡು ಊರಲ್ಲೇ ಉಳಿಯುತ್ತದೆ.

ಕರ್ನಾಟಕಕ್ಕೆ ಈ ಎರಡೂ ಗುಣ ಬೇಕು, ಜೊತೆಗೆ ಮೂರನೆಯದೊಂದು. ಕಾಸರಕೋಡು ಟೊಂಕದ ಮೀನುಗಾರರು ಖಾಸಗಿ ಬಂದರು ಬೇಡವೆಂದು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅವರ ವಾದದಲ್ಲಿ ಆಮೆಗಳು ಮೊಟ್ಟೆ ಇಡುವ ಆ ದಡದ ಮಾತೂ ಇದೆ. ಆಮೆ ತೋರಿಸಿ ಈ ಜಗಳವನ್ನು ಬಚ್ಚಿಡುವ ಪ್ರವಾಸ ಮಕ್ಕಳಿಗೆ ಅರ್ಧ ಪಾಠವನ್ನಷ್ಟೇ ಹೇಳುತ್ತದೆ. ಆಮೆಗೆ ಬೇಕಾದ್ದು ಬರೀ ಕರುಣೆಯಲ್ಲ, ಕತ್ತಲಿರುವ ಖಾಲಿ ಮರಳು. ಮೊಟ್ಟೆಯೊಡೆದ ಮರಿಗಳು ಬೆಳಕು ಹೆಚ್ಚಿರುವ ದಿಕ್ಕಿಗೇ ತೆವಳುತ್ತವೆ. ರೆಸಾರ್ಟಿನ ದೀಪ ಕಡಲಿಗಿಂತ ಪ್ರಕಾಶವಾಗಿದ್ದರೆ ಅವು ರಸ್ತೆ ಕಡೆ ಹೊರಟಾವು. ನಾವು ತಂಗುವ ಕೋಣೆಯ ಕಿಟಕಿಯೂ ಈ ಲೆಕ್ಕದಲ್ಲಿ ಬಂತು.

ಕಾದು ಕೂತು, ಕಾಣದೆ ಮರಳುವುದನ್ನು ಮಕ್ಕಳಿಗೆ ಕಲಿಸಲು ಘಟ್ಟ ಇಳಿಯಲೇಬೇಕೆಂದಿಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಲ್ಲಿ ಘೋಷಣೆಯಾದ ಕೊಂಡುಕುರಿ ವನ್ಯಧಾಮವಿದೆ. ನಾಲ್ಕು ಕೊಂಬಿನ ಆ ಪ್ರಾಣಿ ಮಹಾ ನಾಚಿಕೆಯದು, ಕುರುಚಲು ಕಾಡಿನಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳದು. ಅಲ್ಲಿ ಹಿಕ್ಕೆ, ಹೆಜ್ಜೆ ನೋಡಿಯೇ ಖುಷಿಪಟ್ಟ ಹುಡುಗಿ ಕಡಲ ದಡದಲ್ಲಿ ಬರೀ ಆಮೆಯ ಜಾಡು ಸಿಕ್ಕರೂ ಮುಖ ಸಣ್ಣದು ಮಾಡುವುದಿಲ್ಲ.

ಹೋಗುವುದಾದರೆ ಅರಣ್ಯ ಇಲಾಖೆಗೆ ತಿಳಿಸಿ, ಊರಿನ ಮೀನುಗಾರರ ಜೊತೆಗೇ ಹೋಗಬೇಕು, ಮೊಬೈಲ್ ಜೇಬಿನಲ್ಲಿರಬೇಕು, ಅವರು ನಿಲ್ಲಿ ಎಂದ ಕಡೆ ನಿಲ್ಲಬೇಕು. ಇಷ್ಟಕ್ಕೆ ಒಪ್ಪದವರು ಮುರುಡೇಶ್ವರದ ಲಾಡ್ಜಿನಲ್ಲೇ ಮಲಗಿದರೆ ಆಮೆಗೂ ಕ್ಷೇಮ, ಅವರ ನಿದ್ದೆಗೂ ಕ್ಷೇಮ.