ಕಾದು ತಣಿದ ಎಂಜಿನ್ನಿನ ಪರೀಕ್ಷೆ

ತಣಿಸುವ ನೀರು ಸಾಲದೆ ಅತಿಯಾಗಿ ಕಾದು ನಿಂತುಹೋದ ಹಳೆಯ ಔಟ್‌ಬೋರ್ಡ್ ಎಂಜಿನ್ನೊಂದು, ಕೊಂಚ ಹೊತ್ತು ಬಿಟ್ಟು ಹಗ್ಗವನ್ನೆಳೆದೊಡನೆ ಮತ್ತೆ ಮೊಳಗತೊಡಗಿದರೆ, ಅದರ ಒಡೆಯನು ಅಪಾಯವು ಕಳೆಯಿತೆಂದು ಸಮಾಧಾನಗೊಳ್ಳುವುದು ಸ್ವಾಭಾವಿಕವೇ ಸರಿ. ಆದರೆ ಹಳೆಯ ಯಂತ್ರಗಳ ವಿಷಯದಲ್ಲಿ ಇದಕ್ಕಿಂತ ಅವಿಚಾರಿತವಾದ ಸಮಾಧಾನವು ಬೇರೊಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಕರಾವಳಿಯಲ್ಲಂತೂ ಇದು ಜೀವನ್ಮರಣಗಳ ವಿಚಾರ. ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ, 10 ಅಶ್ವಶಕ್ತಿಯೊಳಗಿನ ಎಂಜಿನ್ನುಳ್ಳ ನಾಡದೋಣಿಗಳಿಗೆ ಕಡಲಿಗಿಳಿಯಲು ಅನುಮತಿಯುಂಟಾದುದರಿಂದ, ಗಂಗೊಳ್ಳಿ, ಮರವಂತೆ, ಉಪ್ಪುಂದಗಳ ನಾಡದೋಣಿಯವರಿಗೆ ಅದೇ ದುಡಿಮೆಯ ಕಾಲ. ನದಿಗಳು ಕೆಂಪಗೆ ತುಂಬಿ ಹರಿದು ಅಳಿವೆಯ ನೀರು ಮರಳುಮಣ್ಣುಗಳಿಂದ ರಾಡಿಯಾಗಿರುವುದೂ ಆ ಕಾಲದಲ್ಲಿಯೇ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಓಲೆ ಎವಿನ್‌ರೂಡ್ 1909ರಲ್ಲಿ ಇಂಥ ಎಂಜಿನ್ನನ್ನು ಮಾರಾಟಕ್ಕೆ ತಂದಂದಿನಿಂದ ಇಂದಿನವರೆಗೂ, ದೋಣಿಯ ಹಿಂಬದಿಗೆ ತೂಗುಬಿದ್ದ ಈ ಯಂತ್ರವು ತಾನು ಯಾವ ನೀರನ್ನು ಸೀಳಿಕೊಂಡು ಸಾಗುವುದೋ ಆ ನೀರನ್ನೇ ಹೀರಿ ತನ್ನ ತಾಪವನ್ನು ಕಳೆದುಕೊಳ್ಳಬೇಕಾಗಿದೆ. ಎಂಜಿನ್ನಿನ ಕಾಲಿನೊಳಗೆ ಸುತ್ತುವ ರಬ್ಬರಿನ ಇಂಪೆಲ್ಲರಿನ ಎಸಳುಗಳು ಮರಳಿನಿಂದ ಸವೆದರೆ, ನೀರು ಹೊಗುವ ಜಾಲರಿಗೆ ಪ್ಲಾಸ್ಟಿಕ್ ಚೀಲವೊಂದು ಅಂಟಿಕೊಂಡರೆ, ಅಥವಾ ಒಳದಾರಿಗಳಲ್ಲಿ ಉಪ್ಪು ಹರಳುಗಟ್ಟಿ ಕುಳಿತರೆ, ತಾಪವು ಕ್ಷಣಕ್ಷಣಕ್ಕೂ ಏರುತ್ತದೆ. ಹಿಂದಿನಿಂದ ಚಿಮ್ಮುವ ನೀರಿನ ಎಳೆಯನ್ನು ಆಗಾಗ ತಿರುಗಿ ನೋಡುವುದು ದೋಣಿಯವರ ಒಳ್ಳೆಯ ಅಭ್ಯಾಸವೇ. ಆದರೂ ಆ ಎಳೆಯು ಪಂಪು ನೀರೆತ್ತುತ್ತಿದೆಯೆಂದು ಹೇಳೀತೇ ಹೊರತು, ಸಿಲಿಂಡರಿನ ಸುತ್ತಣ ದಾರಿಗಳೆಲ್ಲ ತೆರೆದಿವೆಯೆಂದು ಹೇಳಲಾರದು.

ತಾಪದಿಂದಾಗುವ ಹಾನಿಯ ಮೂಲವಿರುವುದು ಲೋಹಗಳ ಸ್ವಭಾವದಲ್ಲಿ. ಪಿಸ್ಟನ್ನು ಅಲ್ಯೂಮಿನಿಯಮ್ಮಿನದು, ಅದು ಓಡಾಡುವ ಸಿಲಿಂಡರಿನ ಒಳಗೋಡೆಯು ಸಾಮಾನ್ಯವಾಗಿ ಎರಕದ ಕಬ್ಬಿಣದ್ದು. ಸಮಾನ ತಾಪದಲ್ಲಿ ಅಲ್ಯೂಮಿನಿಯಮ್ಮು ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುವುದರಿಂದ, ಇವೆರಡರ ನಡುವಣ ಕೂದಲೆಳೆಯ ತೆರಪು ಮುಚ್ಚಿಹೋಗಿ, ಎಣ್ಣೆಯ ಪೊರೆ ಹರಿದು, ಲೋಹವು ಲೋಹವನ್ನು ಉಜ್ಜಿ ಬರೆಯೆಳೆಯುತ್ತದೆ. ಅದರೊಡನೆಯೇ ಹೆಡ್ಡು ಸೊಟ್ಟಗಾಗಿ ಗ್ಯಾಸ್ಕೆಟ್ಟು ಸುಟ್ಟು ಒಡೆಯುವ ಸಂಭವವೂ ಉಂಟು.

ಪರೀಕ್ಷೆಗೆ ತೊಡಗುವವನು ಮೊದಲು ಕಾಯಲು ಕಲಿತಿರಬೇಕು. ಕಾದ ಎಂಜಿನ್ನಿನ ಮೇಲೆ ತಣ್ಣೀರೆರಚಬಾರದು. ಅದು ತಾನಾಗಿ ತಣಿಯಲಿ. ಬಳಿಕ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಅವುಗಳ ತುದಿಯನ್ನು ಬೆಳಕಿಗೆ ಹಿಡಿದು ನೋಡಬೇಕು: ಬೆಳ್ಳಿಯ ಪುಡಿಯಂಥ ಕಣಗಳು ಅಂಟಿಕೊಂಡಿದ್ದರೆ ಅದು ಕರಗಿದ ಪಿಸ್ಟನ್ನಿನ ಅಲ್ಯೂಮಿನಿಯಮ್ಮು, ತುಕ್ಕೋ ಉಪ್ಪೋ ಕಂಡರೆ ಒಳಗೆ ನೀರು ಹೊಕ್ಕಿದೆ. ಪ್ಲಗ್ಗಿಲ್ಲದ ಎಂಜಿನ್ನಿನ ಫ್ಲೈವೀಲನ್ನು ಕೈಯಿಂದ ಮೆಲ್ಲನೆ ತಿರುಗಿಸಿದಾಗ ಎಲ್ಲಿಯಾದರೂ ತಡೆದಂತೆ, ಕೊರೆದಂತೆ ಅನುಭವವಾದರೆ ಅದನ್ನು ಉಪೇಕ್ಷಿಸಬಾರದು. ಆಮೇಲೆ ಕಂಪ್ರೆಶನ್ ಗೇಜು. ಥ್ರಾಟಲನ್ನು ಪೂರ್ತಿ ತೆರೆದು, ಪ್ಲಗ್ಗಿನ ತಂತಿಗಳನ್ನು ಎಂಜಿನ್ನಿನ ಮೈಗೆ ಅರ್ಥ್ ಮಾಡಿ, ಮುಳ್ಳು ಮುಂದೆ ಏರದಂತಾಗುವವರೆಗೆ ಹಗ್ಗವನ್ನೆಳೆದು, ಬಂದ ಅಂಕಗಳನ್ನು ಒಂದಕ್ಕೊಂದು ಹೋಲಿಸಬೇಕು. ಶೇಕಡ 10ಕ್ಕಿಂತ ಹೆಚ್ಚಿನ ಅಂತರವಿದ್ದರೆ ಸಂಶಯಕ್ಕೆ ಆಸ್ಪದವಿದೆ, ಅಕ್ಕಪಕ್ಕದ ಎರಡು ಸಿಲಿಂಡರುಗಳೂ ಕುಸಿದಿದ್ದರೆ ನಡುವಣ ಗ್ಯಾಸ್ಕೆಟ್ಟು ಹೋಗಿರಬಹುದು.

ಅನೇಕರು ಇಷ್ಟಕ್ಕೆ ನಿಲ್ಲಿಸಿ, ಅಂಕಗಳು ಸಮವಾಗಿವೆಯೆಂದು ಎಂಜಿನ್ನನ್ನು ನಿರ್ದೋಷಿಯೆಂದು ಸಾರಿಬಿಡುತ್ತಾರೆ. ಇದನ್ನು ನಾನು ಒಪ್ಪಲಾರೆ. ಬರೆಬಿದ್ದ ಪಿಸ್ಟನ್ನೂ ರಿಂಗುಗಳು ಇನ್ನೂ ಬಿಗಿಯಾಗಿದ್ದರೆ ತಣ್ಣಗಿರುವಾಗ ಒಳ್ಳೆಯ ಅಂಕವನ್ನೇ ಕೊಟ್ಟೀತು. ನಿಜವನ್ನರಿಯಲು ಎಕ್ಸಾಸ್ಟ್ ಮುಚ್ಚಳವನ್ನು ತೆಗೆದು, ಆ ಕಿಂಡಿಯಿಂದ ದೀಪ ಹಿಡಿದು, ಪಿಸ್ಟನ್ನನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತ ಅದರ ಮೈಯನ್ನೂ ರಿಂಗುಗಳನ್ನೂ ಕಣ್ಣಾರೆ ಕಾಣತಕ್ಕದ್ದು. ನುಣುಪಾದ ಮೈಯ ಮೇಲೆ ನೆಟ್ಟಗೆ ಇಳಿದ ಗೀರುಗಳು, ಲೋಹವು ಮೆತ್ತಿಕೊಂಡು ಮುಚ್ಚಿಹೋದ ರಿಂಗಿನ ಜಾಡು, ಕಡ್ಡಿಯಿಂದ ಒತ್ತಿದರೂ ಒಳಕ್ಕೆ ಸರಿಯದ ರಿಂಗು, ಇವುಗಳಲ್ಲಿ ಒಂದು ಕಂಡರೂ ಹೆಡ್ಡನ್ನು ಬಿಚ್ಚದೆ ಗತ್ಯಂತರವಿಲ್ಲ. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ನುಗಳಲ್ಲಿ ಮಸಿಯು ಹೆಚ್ಚಾಗಿ ಕಟ್ಟುವುದರಿಂದ ರಿಂಗುಗಳನ್ನು ವಿಶೇಷವಾಗಿ ಪರಿಶೀಲಿಸಬೇಕು. ಉಪ್ಪುನೀರಿನಲ್ಲಿ ದುಡಿದ ಎಂಜಿನ್ನಿನ ಬೋಲ್ಟುಗಳು ಅಲ್ಯೂಮಿನಿಯಮ್ಮಿನೊಳಗೆ ಬೆಸೆದಂತಾಗಿರುವುದರಿಂದ, ಹಿಂದಿನ ದಿನವೇ ಎಣ್ಣೆ ಬಿಟ್ಟು, ಹದವಾಗಿ ಬಿಸಿ ತೋರಿಸಿ, ಹಿಂದಕ್ಕೂ ಮುಂದಕ್ಕೂ ಅಲುಗಿಸುತ್ತ ತೆಗೆಯಬೇಕೇ ಹೊರತು ಬಲಪ್ರಯೋಗ ಸಲ್ಲದು. ಬೋಲ್ಟಿನ ತಲೆ ಮುರಿದರೆ ತಾಪದಿಂದಾಗದಿದ್ದ ಹಾನಿಯು ಪಾನೆಯಿಂದಾದೀತು.

ಬಿಚ್ಚಿದ ಹೆಡ್ಡಿನ ಮೇಲೆ ನೇರವಾದ ಉಕ್ಕಿನ ಪಟ್ಟಿಯನ್ನಿಟ್ಟು ಫೀಲರ್ ಗೇಜನ್ನು ಅಡಿಗೆ ತೂರಿಸಿ ನೋಡಬೇಕು. ಅನೇಕ ಸಣ್ಣ ಎಂಜಿನ್ನುಗಳಲ್ಲಿ 0.1 ಮಿಲಿಮೀಟರಿಗೆ ಮೀರಿದ ಸೊಟ್ಟು ಸಹ್ಯವಲ್ಲ. ಸಿಲಿಂಡರಿನ ಒಳಗೋಡೆಗೆ ಅಲ್ಯೂಮಿನಿಯಮ್ಮು ತೆಳ್ಳಗೆ ಮೆತ್ತಿದ್ದರೆ ಅದನ್ನು ತೆಗೆದು ಹೋನ್ ಮಾಡಿಸಬಹುದು. ಉಗುರಿಗೆ ಸಿಕ್ಕುವಷ್ಟು ಆಳವಾದ ಗೀರಿದ್ದರೆ ಬೋರು ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ನು ಹಾಕಿಸಬೇಕು.

ಎಲ್ಲವೂ ಸರಿಯಾಯಿತೆಂದು ಜೋಡಿಸುವ ಮುನ್ನ ಕಾರಣವನ್ನು ಹುಡುಕದಿದ್ದರೆ ಈ ಶ್ರಮವೆಲ್ಲ ವ್ಯರ್ಥ. ಹರಿದ ಇಂಪೆಲ್ಲರನ್ನು ಬದಲಿಸಿದರೆ ಸಾಲದು, ಅದರ ಕಳೆದುಹೋದ ಎಸಳಿನ ಚೂರುಗಳನ್ನೂ ನೀರಿನ ದಾರಿಯಿಂದ ಹೆಕ್ಕಿ ತೆಗೆಯಬೇಕು, ಏಕೆಂದರೆ ಮುಂದೊಂದು ದಿನ ನೀರನ್ನು ತಡೆಯುವುದು ಆ ಚೂರೇ. ಥರ್ಮೋಸ್ಟಾಟ್ ಇರುವ ಎಂಜಿನ್ನಾದರೆ ಅದನ್ನು ಬಿಸಿನೀರಿನಲ್ಲಿಳಿಸಿ ತೆರೆದುಕೊಳ್ಳುವುದೋ ಇಲ್ಲವೋ ನೋಡಬೇಕು.

ಅಳಿವೆಯ ಬಾಯಿಯಲ್ಲಿ ತೆರೆಗೆದುರಾಗಿ ನಿಂತ ದೋಣಿಯ ಎಂಜಿನ್ನು ಅಲ್ಲಿಯೇ ಸ್ತಬ್ಧವಾದರೆ ದೋಣಿಯು ಅಡ್ಡ ತಿರುಗಿ ಮಗುಚಲು ಹೆಚ್ಚು ಹೊತ್ತು ಬೇಡ. ಆದುದರಿಂದ ದೋಣಿಯ ಒಡೆಯರಲ್ಲಿ ನನ್ನ ವಿನಂತಿಯಿಷ್ಟೆ: ಒಮ್ಮೆ ಅತಿಯಾಗಿ ಕಾದ ಎಂಜಿನ್ನನ್ನು, ಅದು ಎಷ್ಟು ಚೆನ್ನಾಗಿ ಮೊಳಗಿದರೂ, ಎಕ್ಸಾಸ್ಟ್ ಮುಚ್ಚಳವನ್ನು ತೆಗೆದು ನೋಡದೆ ಅಳಿವೆ ದಾಟಿಸಬೇಡಿರಿ, ಮತ್ತು ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಹೊಸ ಇಂಪೆಲ್ಲರನ್ನು ಹಾಕಿಸಿರಿ.